ಕೂಗದೆ ಬಿಟ್ಟ ಏಳು ಬಾಗಿಲು

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಮೂರು ತಿಂಗಳು ಸನ್ಯಾಸಿಯಾಗಿದ್ದೆ. ಕಾವಿ ಉಟ್ಟಿರಲಿಲ್ಲ, ಮನೆ ಬಿಟ್ಟಿರಲಿಲ್ಲ, ಹೊತ್ತುಹೊತ್ತಿನ ಊಟವನ್ನಂತೂ ಬಿಟ್ಟಿರಲೇ ಇಲ್ಲ. ಬಿಟ್ಟಿದ್ದು ಮಗ್ಗ ಒಂದನ್ನೇ. ತೊಂಬತ್ತರ ದಶಕದ ನಡುವಿನ ಮಾತು. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಗೆ ಬಂದಿದ್ದ ಸ್ವಾಮಿಗಳೊಬ್ಬರ ಪ್ರವಚನದಲ್ಲಿ ಕರ್ಮವೇ ಬಂಧನ ಎಂಬ ಒಂದು ಮಾತನ್ನು ಎತ್ತಿಕೊಂಡು, ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು ಎದ್ದು ಬಂದಿದ್ದೆ. ಮೈಗಳ್ಳತನಕ್ಕೆ ಶಾಸ್ತ್ರದ ಆಸರೆ ಸಿಕ್ಕಿತ್ತು.

ಅಪ್ಪ ತನ್ನ ಪಾಡಿಗೆ ಮಗ್ಗದ ಕುಳಿಗೆ ಇಳಿಯುತ್ತಿದ್ದ. ಅವ್ವ ಮಾತ್ರ ತಟ್ಟೆ ಮುಂದಿಡುವಾಗ, "ಉಣ್ಣಾದು ಕರ್ಮ ಅಲ್ವೇನ್ಲಾ?" ಎಂದು ಕೇಳುತ್ತಿದ್ದಳು.

ಆ ವರ್ಷ ಕುಲದೇವತೆಗೆ ಸೀರೆ ನೇಯುವ ಸರದಿ ನಮ್ಮ ಮನೆಯದು. ದೇವತೆಗಳಿಗೆ ಬಟ್ಟೆ ನೇದುಕೊಡಲೆಂದೇ ನಮ್ಮ ಮೂಲಮುನಿ ಹುಟ್ಟಿದ ಎಂದು ನಂಬಿದ ಜನ ನಾವು. ಹತ್ತಾರು ವರ್ಷಕ್ಕೊಮ್ಮೆ ಸುತ್ತಿ ಬರುವ ಆ ಸರದಿ ಅಪ್ಪನ ಬದುಕಿನಲ್ಲಿ ಎರಡನೇ ಸಲ ಬಂದಿತ್ತು. ಮೂರನೆಯದಕ್ಕೆ ತಾನಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹಾಸುನೂಲಿಗೆ, ನಮ್ಮ ಬೀದಿಯ ಮಾತಿನಲ್ಲಿ ಪಾವಿಗೆ, ಗಂಜಿ ಹಾಕುವ ದಿನ ನಿಗದಿಯಾಯಿತು. ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಅದು ಒಣಗುವ ಮೊದಲೇ ಎರಡೂ ಬದಿ ಜನ ನಿಂತು ಕುಂಚದಿಂದ ಬಾಚಿ ಎಳೆ ಎಳೆ ಬಿಡಿಸಬೇಕು. ತಡವಾದರೆ ಎಳೆಗಳು ಮೆತ್ತಿಕೊಂಡು ಇಡೀ ಹಾಸು ಹಾಳು. ಮನೆಯವರಷ್ಟೇ ಮಾಡಿ ಮುಗಿಸುವ ಕೆಲಸ ಅದಲ್ಲ. ಆದರೆ ಕರೆಯದೆ ಯಾರೂ ಇನ್ನೊಬ್ಬರ ನೂಲು ಮುಟ್ಟುವುದಿಲ್ಲ. ಹಿಂದಿನ ಸಂಜೆ ಮನೆಯ ಮಗ ಬಾಗಿಲು ಬಾಗಿಲಿಗೆ ಹೋಗಿ ಕೂಗಿ ಬರಬೇಕು. ದೇವಿಯ ಸೀರೆಯಾದರೆ ಬರುವವರು ತಲೆಗೆ ನೀರು ಹಾಕಿಕೊಂಡೇ ಬರಬೇಕು.

"ಏಳು ಮನೆ ಕೂಗಿ ಬಾ. ನಿಂಗೆ ಅದೊಂದೇ ಕೆಲ್ಸ" ಎಂದ ಅಪ್ಪ.

ಹೂಂ ಅಂದೆ. ಹೋಗಲಿಲ್ಲ. ಮೂರು ತಿಂಗಳಿಂದ ಅವರಲ್ಲಿ ಒಬ್ಬರ ನೂಲಿಗೂ ನಾನು ಕೈ ಹಾಕಿರಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆ ನಾಚಿಕೆಗೆ ವೈರಾಗ್ಯ ಎಂದು ಹೆಸರಿಟ್ಟು ಧರ್ಮಗ್ರಂಥ ತೆರೆದು ಕೂತೆ.

ಬೆಳಗ್ಗೆ ನಾನು ಏಳುವಾಗ ಅಪ್ಪ ನೂಲು ಎಳೆದು ಕಟ್ಟಿದ್ದ. ಜನ ಬಂದೇ ಬರುತ್ತಾರೆಂದು ಅವ್ವ ಗಂಜಿ ಸವರಿ ಮುಗಿಸಿದ್ದಳು. ಏರ್ಕಾಡು ಬೆಟ್ಟದ ಕಡೆಯಿಂದ ಒಣಗಾಳಿ ಎದ್ದಿತ್ತು. ಅಪ್ಪ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಒಂದು ಬಾಗಿಲೂ ತೆರೆಯಲಿಲ್ಲ.

"ಯಾಕ್ಲಾ ಯಾರೂ ಬರ್ಲಿಲ್ಲ?"

"ನಾನು ಕೂಗ್ಲಿಲ್ಲಪ್ಪಾ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಒಬ್ಬನೇ ಕುಂಚ ತೆಗೆದುಕೊಂಡು ನೂಲಿನ ಮೇಲೆ ಬಾಗಿದ. ಬಲಗೈ ಸರಿಯಾಗಿ ಏಳುತ್ತಿರಲಿಲ್ಲ. ಹದಿನೈದು ದಿನದಿಂದ ಅವನ ಭುಜ ಊದಿಕೊಂಡಿತ್ತು. ಯಾಕೆಂದು ನಾನು ಕೇಳಿಯೇ ಇರಲಿಲ್ಲ.

ಓಡಿ ಎದುರುಮನೆಯ ಬಾಗಿಲು ಬಡಿದೆ. ಬೀದಿಯ ಹುಡುಗರೆಲ್ಲ ಮಾವ ಎಂದು ಕರೆಯುವ ಹಿರಿಯ ನೇಕಾರ ಹಲ್ಲುಪುಡಿಯ ಬೆರಳಲ್ಲೇ ಬಾಗಿಲು ತೆಗೆದ.

"ಮಾವಾ, ದೇವಿ ಪಾವು ಒಣಗ್ತಾ ಐತೆ. ನಿನ್ನೆ ಕೂಗೋಕೆ ಬರ್ಲಿಲ್ಲ, ತಪ್ಪಾಯ್ತು. ಈ ಮೂರ್ ತಿಂಗ್ಳು ನಿಮ್ಮನೆ ಪಾವಿಗೆ ನಾನು ಒಂದ್ಸಲಾನೂ ನಿಂತಿಲ್ಲ. ಆದ್ರೂ ಬನ್ನಿ."

ಮಾವ ನನ್ನನ್ನು ದಿಟ್ಟಿಸಿದ. "ನಿನ್ ಪಾಲ್ಗೂ ನಿಮ್ಮಪ್ಪನೇ ನಿಂತವ್ನೆ ಕಣ್ಲಾ. ಮಗನ್ಗೆ ಮೈ ಸರಿಯಿಲ್ಲ ಅಂದು, ಈ ಕಡೆ ಬಾಚಿ ಮುಗಿಸಿ, ಆ ಕಡೆ ಓಗಿ ತಿರ್ಗಾ ಬಾಚೋನು. ಎಲ್ಲಾರ್ ಮನೇಗೂ ಅಂಗೇ. ಸೀಕ್ರಂ ಓಗಿ ಮಿಕ್ಕೋರ್ನ ಕೂಗು, ನಾನು ನೀರು ಉಯ್ಕೊಂಡು ಬತ್ತೀನಿ."

ನಾನು ಬಿಟ್ಟ ಕೆಲಸ ಎಲ್ಲೂ ಹೋಗಿರಲಿಲ್ಲ, ಅಪ್ಪನ ಭುಜದ ಮೇಲೆ ಕೂತಿತ್ತು. ಬಿಡಬೇಕಾದದ್ದು ಫಲದ ಆಸೆಯನ್ನೇ ಹೊರತು ಕೆಲಸವನ್ನಲ್ಲ ಎಂದು ನಾನು ತೆರೆದಿಟ್ಟುಕೊಂಡ ಆ ಪುಟದಲ್ಲೇ ಇತ್ತು. ಓದಿದ್ದೆ, ನನಗೆ ಹೇಳಿದ್ದೆಂದು ಅಂದುಕೊಂಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಉಳಿದ ಆರು ಬಾಗಿಲನ್ನೂ ಬಡಿದೆ. ನಲ್ಲಿಯ ಕೆಳಗೆ ತಲೆಯೊಡ್ಡಿ, ಅಪ್ಪನ ಎದುರು ಬದಿಯಲ್ಲಿ ಕುಂಚ ಹಿಡಿದೆ. ಒಬ್ಬೊಬ್ಬರಾಗಿ ಒದ್ದೆ ತಲೆಯಲ್ಲೇ ಬಂದು ನಿಂತರು. ಅಷ್ಟರಲ್ಲಿ ನಡುವೆ ಒಂದು ಮೊಳದಷ್ಟು ನೂಲು ಮೆತ್ತಿಕೊಂಡಿತ್ತು. ಅವ್ವ ನೀರು ಚಿಮುಕಿಸುತ್ತಾ ನಮ್ಮ ಹಿಂದೆಯೇ ನಡೆದಳು. ಬಿಸಿಲು ಹೆಂಚಿಗೆ ಏರುವ ಹೊತ್ತಿಗೆ ಹಾಸು ಉಳಿದಿತ್ತು, ಆ ಮೊಳವೊಂದು ಮಾತ್ರ ಪೂರ್ತಿ ಬಿಡಲಿಲ್ಲ.

ನೇಯ್ಗೆ ಆ ಜಾಗಕ್ಕೆ ಬಂದ ದಿನ ಅಪ್ಪ ಮಗ್ಗದ ಕುಳಿಯಿಂದ ಎದ್ದ. "ಇಳಿ. ಇದು ನಿಂದು."

ಎಳೆ ಕಡಿದಾಗಲೆಲ್ಲ ಗಂಟು ಹಾಕುತ್ತಾ ಒಂದು ಮೊಳಕ್ಕೆ ಎರಡು ದಿನ ಕೂತೆ. ಪೂಜೆಯ ದಿನ ಸೀರೆ ಉಡಿಸಿದಾಗ ಗಂಟುಗಳು ನೆರಿಗೆಯೊಳಗೆ ಹೋದವು. ಎಲ್ಲರೂ ಕೈ ಎತ್ತಿ ಮುಗಿದರು. ಪಕ್ಕದಲ್ಲಿದ್ದ ಅಪ್ಪನ ಬಲಗೈ ಎದೆಯ ಹತ್ತಿರವೇ ನಿಂತಿತು. ಅವನು ಬದುಕಿರುವವರೆಗೂ ಅದು ಅದಕ್ಕಿಂತ ಮೇಲೆ ಏಳಲಿಲ್ಲ.

ಮಾರನೆಯ ವಾರ ಎದುರುಮನೆಯ ಮಾವನ ನೂಲಿಗೆ ಗಂಜಿ. ಈ ಕಡೆ ಬಾಚಿ ಮುಗಿಸಿ, ಆ ಕಡೆ ಹೋಗಿ ಅಪ್ಪನ ಪಾಲಿಗೂ ನಾನೇ ನಿಂತೆ.