ಇಪ್ಪತ್ತು ಹೆಜ್ಜೆ ದೂರದವರಿಗೆ ಟ್ಯಾಗ್

ಬಂಟ್ವಾಳಕ್ಕೆ ಬಂದ ನಾಲ್ಕನೇ ದಿನವೇ ನನ್ನ ಹೆಸರು ಎಂಬತ್ತು ಮಂದಿಯ ಮೊಬೈಲಿನಲ್ಲಿ ನೀಲಿ ಅಕ್ಷರದಲ್ಲಿ ಹೊಳೆಯಿತು. ಗೇರುಬೀಜದ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ನನ್ನದು. ಕೂದಲು ಮುಚ್ಚುವ ಟೋಪಿ ಹಾಕದೆ ಒಳಗೆ ಹೋಗಿದ್ದೆನಂತೆ. ಫೋಟೊ ತೆಗೆದು, ನನ್ನನ್ನು ಟ್ಯಾಗ್ ಮಾಡಿ, ಕೆಲಸದ ಆಪ್‌ಗೆ ಹಾಕಿದ್ದು ಪಕ್ಕದ ಕುರ್ಚಿಯ ಹರೀಶ. ಟ್ಯಾಗ್ ಎಂದರೆ, ಹೆಸರು ಒತ್ತಿದ ಕೂಡಲೇ ಆ ಮನುಷ್ಯನ ಫೋನು ಕೂಗುತ್ತದೆ, ಉಳಿದವರೆಲ್ಲ ನೋಡುತ್ತಾರೆ. ಕೇಳಿದ್ದಕ್ಕೆ, "ಬೇಜಾರು ಮಾಡ್ಬೇಡಿ ಮಾರಾಯ್ರೆ, ಇಲ್ಲಿ ಕ್ರಮ ಹಾಗೆ ಉಂಟು," ಎಂದು ತನ್ನ ಡಬ್ಬಿಯ ನೀರುದೋಸೆ ಮುಂದೆ ಸರಿಸಿದ. ಬಾಯಿ ಬೆಲ್ಲ, ಕರುಳು ಕತ್ತರಿ.

ನಮ್ಮ ನರಗುಂದದ ಕಡೆ ತಪ್ಪಾದರೆ ಎದುರಿಗೇ ಬೈಯುತ್ತಾರೆ. ಬೈದವರೇ ಸಂಜೆ ರೊಟ್ಟಿ ತಿನ್ನಲು ಕರೆಯುತ್ತಾರೆ. ಇಲ್ಲಿ ದನಿ ಏರುವುದೇ ಇಲ್ಲ. ಕನ್ನಡವೂ ಪಾಠ ಓದಿದಂತೆ ನಿಧಾನ. ಜಗಳವೆಲ್ಲ ಆಪ್‌ನಲ್ಲಿ. "ದಯವಿಟ್ಟು ಗಮನಿಸಿ" ಎಂದು ಒಬ್ಬರು ಇನ್ನೊಬ್ಬರ ಹೆಸರು ಹಾಕಿದರೆ ಹದಿನೈದು ಮಂದಿ ಸರಿ ಎಂಬಂತೆ ಮೇಲೆತ್ತಿದ ಹೆಬ್ಬೆರಳಿನ ಗುರುತು ಒತ್ತುತ್ತಾರೆ. ಅವರಲ್ಲಿ ಮಧ್ಯಾಹ್ನ ಅದೇ ಮನುಷ್ಯನ ಜೊತೆ ಉಣ್ಣುವವರೂ ಇರುತ್ತಾರೆ. ಆ ಹೆಬ್ಬೆರಳುಗಳನ್ನು ಕಂಡಾಗಲೆಲ್ಲ ನನಗೆ ಹೇಸಿಗೆಯಾಗುತ್ತಿತ್ತು.

ಅದನ್ನು ಒತ್ತದವರು ಪ್ರೇಮಕ್ಕ ಒಬ್ಬರೇ. ಬೀಜ ವಿಂಗಡಿಸುವ ಮೇಜುಗಳ ಮೇಲ್ವಿಚಾರಕಿ. ಬಾಡಿಗೆಗೆ ಎಲ್ಲೂ ಮನೆ ಸಿಗದೆ ನಾನು ಲಾಡ್ಜಿನಲ್ಲಿದ್ದಾಗ ನರಿಕೊಂಬಿನ ತಮ್ಮ ಮನೆಯಲ್ಲೇ ಕೋಣೆ ಕೊಟ್ಟರು. ಕುಚ್ಚಲಕ್ಕಿಯ ದಪ್ಪ ಅನ್ನ ಗಂಟಲಲ್ಲಿ ಇಳಿಯದಿದ್ದಾಗ ಗಂಜಿ ಮಾಡಿ, ಚಟ್ನಿ ಇಟ್ಟು ಉಣ್ಣಲು ಕಲಿಸಿದರು. ತುಳು ಬಾರದಿದ್ದರೆ ನೆಂಟಳಾಗಿಯೇ ಉಳಿಯುತ್ತೀಯ ಎಂದು ಗದರಿಸಿ, ಮೊದಲ ವಾರದಿಂದಲೇ ನನ್ನೊಡನೆ ತುಳುವಿನಲ್ಲಿ ಮಾತ್ರ ಮಾತಾಡಿದರು. ಬಸ್ಸಿನ ಕಂಡಕ್ಟರನಿಗೆ ತುಳುವಿನಲ್ಲಿ ಹೇಳಿ ಇಳಿದ ದಿನ ನಾನು ಬೀಗಿಹೋಗಿದ್ದೆ. ಊರು ಬಿಟ್ಟ ಮೇಲೆ ನನ್ನದೆನ್ನಿಸಿದ ಮನೆ ಅದೊಂದೇ.

ಕಳೆದ ತಿಂಗಳು ಗುರುವಾಯನಕೆರೆಯ ವ್ಯಾಪಾರಿಯೊಬ್ಬರು ಒಂದು ಡಬ್ಬ ಮರಳಿಸಿದರು. ಇಡೀ ಬೀಜಗಳ ನಡುವೆ ಸಿಪ್ಪೆ, ಚೂರು. ಮ್ಯಾನೇಜರರು ನನ್ನನ್ನು ಟ್ಯಾಗ್ ಮಾಡಿ, "ಇದು ಪಾಸಾದದ್ದು ಹೇಗೆ?" ಎಂದು ಕೇಳಿದರು. ಪಾಸು ಮಾಡಿದವಳು ನಾನೇ. ಊರಿಗೆ ಹೋಗುವ ಬಸ್ಸಿನ ಅವಸರದಲ್ಲಿ ಮೇಲಿನ ಪದರ ಮಾತ್ರ ನೋಡಿ ಸಹಿ ಹಾಕಿದ್ದೆ. ಎಂಬತ್ತು ಮಂದಿ ಓದುತ್ತಿದ್ದಾರೆಂಬ ಭಯಕ್ಕೆ ಪ್ರೇಮಕ್ಕನ ಹೆಸರು ಒತ್ತಿ, "ಇವರ ಮೇಜಿನಿಂದ ಬಂದದ್ದು" ಎಂದು ಬರೆದೆ. ಅವರು ಕೂತಿದ್ದದ್ದು ನನ್ನಿಂದ ಇಪ್ಪತ್ತು ಹೆಜ್ಜೆ ದೂರ. ಅವರ ಫೋನು ಕೂಗಿದ್ದು ನನಗೆ ಕೇಳಿಸಿತು.

ಹೆಬ್ಬೆರಳುಗಳು ಸಾಲಾಗಿ ಬಂದವು. ಮರುದಿನ ಅವರನ್ನು ಮೇಲ್ವಿಚಾರಣೆಯಿಂದ ಇಳಿಸಿ ಸಿಪ್ಪೆ ಸುಲಿಯುವ ಸಾಲಿನಲ್ಲಿ ಕೂರಿಸಿದರು. ಹರೀಶ ನಕ್ಕು, "ಈಗ ನೀವು ನಮ್ಮವರೇ ಆದ್ರಿ," ಎಂದ. ಈ ಸಲ ಹೇಸಿಗೆಯಾದದ್ದು ನನ್ನ ಮೇಲೇ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಥೂ, ಮಾರಿ ಮುಂದ ನಿಂತು ಹೇಳಾಕ ಬಾಯಿ ಇರಲಿಲ್ಲೇನ ನಿನಗ? ಇಂಥಾಕಿನ್ನ ನಾ ಬೆಳಸಿಲ್ಲ," ಎಂದಳು. ಮ್ಯಾನೇಜರರ ಕೋಣೆಗೇ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. "ನೋಡುವ," ಎಂದರು. ಇನ್ನೂ ನೋಡುತ್ತಿದ್ದಾರೆ.

ಅಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರೇಮಕ್ಕನಿಗೆ, "ತಪ್ಪಾಂಡ್ ಅಕ್ಕ," ಎಂದೆ. ತಪ್ಪಾಯಿತು ಎಂಬುದಕ್ಕೆ ತುಳುವಿನ ಮಾತು, ಅವರೇ ಕಲಿಸಿದ್ದು. ಅವರು ತಟ್ಟೆ ಇಟ್ಟರು, ಗಂಜಿ ಬಡಿಸಿದರು. ಆಮೇಲೆ ನಿಧಾನವಾಗಿ, ಕನ್ನಡದಲ್ಲಿ, "ಊಟ ಮಾಡಿ. ಉಪ್ಪು ಬೇಕಿದ್ರೆ ಅಲ್ಲಿ ಉಂಟು," ಎಂದರು.