ಕಾಕಾ ಹೇಳದ ‘ಆತ’

ಕಳೆದ ವಾರ ಆಫೀಸಿನ ಕಪಾಟು ಖಾಲಿ ಮಾಡುವಾಗ ಒಂದು ಹಳೆಯ ಕೀಬೋರ್ಡ್ ಸಿಕ್ಕಿತು. ತಲೆಕೆಳಗು ಹಿಡಿದು ಕೊಡವಿದೆ. ಧೂಳಿನ ಜೊತೆ ಕರ್ರಗಿನ ಪುಡಿ ಉದುರಿತು. ಮೂಸಿದರೆ ಗುರೆಳ್ಳು ಚಟ್ನಿ. ಇಷ್ಟು ವರ್ಷದ ಮೇಲೂ ಬೆಳ್ಳುಳ್ಳಿ ವಾಸನೆ ಇತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗಂತೂ ಬಂತು. ಅದು ಕಾಕಾನ ಕೀಬೋರ್ಡು. ರೊಟ್ಟಿ ತಿನ್ನುತ್ತಲೇ ಟೈಪ್ ಮಾಡುವ ಮನುಷ್ಯ...

ಕಾಕಾ ನನಗೆ ಸಂಬಂಧದಿಂದ ಏನೂ ಆಗಬೇಕಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಣೆ ಕ್ಯಾಂಪಿನ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಎಲ್ಲರೂ ಇಪ್ಪತ್ತೈದರ ಒಳಗಿನವರು, ಅವರೊಬ್ಬರೇ ಐವತ್ತು ದಾಟಿದವರು. ಹಾಗಾಗಿ ಇಡೀ ಆಫೀಸಿಗೆ ಕಾಕಾ. ಧಾರವಾಡ ಕಡೆಯವರು, ಪುಣೆಯ ಬಿಬವೇವಾಡಿಯಲ್ಲಿ ಮನೆ. ನಾನು ಬೆಳಗಾವಿಯವಳು ಎಂದು ತಿಳಿದ ದಿನವೇ, “ಹಂಗಾರ ನೀ ನಮ್ಮಾಕಿ” ಎಂದು ನನ್ನ ಕುರ್ಚಿಯನ್ನು ತಮ್ಮ ಮೇಜಿನ ಪಕ್ಕಕ್ಕೆ ಎಳೆಸಿಕೊಂಡರು.

ನಮ್ಮಿಬ್ಬರದು ಪಂಚನಾಮೆಯ ಕೆಲಸ. ಕಂಪ್ಯೂಟರಿನ ಕರ್ನಲ್, ಅಂದರೆ ಅದರ ಒಳಗಿನ ಯಜಮಾನ, ಇದ್ದಕ್ಕಿದ್ದಂತೆ ಕುಸಿದು ಬಿದ್ದಾಗ, ಆ ಗಳಿಗೆಯಲ್ಲಿ ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಒಂದು ಫೈಲಿಗೆ ಸುರಿದು ಸಾಯುತ್ತದೆ. ಅದಕ್ಕೆ ಡಂಪು ಎನ್ನುತ್ತಾರೆ. ಆ ಡಂಪನ್ನು ಓದಿ, ಯಾಕೆ ಸತ್ತಿತು ಎಂದು ಹೇಳುವ ಟೂಲ್ ನಮ್ಮದು. ಅದರ ತಪ್ಪು ತಿದ್ದುವುದು, ಹೊಸ ಕರ್ನಲ್ ಬಂದಾಗಲೆಲ್ಲ ಅದಕ್ಕೆ ಹೊಂದಿಸುವುದು, ಇಷ್ಟೇ ನಮ್ಮ ಉದ್ಯೋಗ.

“ಸತ್ತಾವ ಸುಳ್ಳ ಹೇಳೂದಿಲ್ಲ ತಂಗಿ. ಸುಳ್ಳ ಹೇಳಿದ್ರ ನಮ್ಮ ಟೂಲ್ ಹೇಳಿರ್ತದ” ಎನ್ನುತ್ತಿದ್ದರು ಕಾಕಾ. ಅದು ನಿಜ. ಹೊಸ ಕರ್ನಲ್ ಬರೆಯುವವರು ಒಳಗಿನ ಸಾಮಾನಿನ ಜಾಗ ಸದ್ದಿಲ್ಲದೆ ಬದಲಿಸಿಬಿಡುತ್ತಿದ್ದರು. “ಅಡಿಗಿಮನ್ಯಾಗ ಡಬ್ಬಿ ಜಾಗಾ ಬದಲಿ ಮಾಡ್ಯಾರ ನೋಡು. ನಾವು ಹಳೇ ರೂಢಿಮ್ಯಾಲ ಕೈ ಹಾಕಿ, ಸಕ್ರಿ ಅಂತ ಉಪ್ಪು ಸುರಕೊಂಡು ಕುಂತೇವಿ.”

ಹೀಗೆ ಉಪ್ಪು ಸುರಿದವಳು ನಾನೇ. ನನ್ನ ಮೊದಲ ದೊಡ್ಡ ತಿದ್ದುಪಡಿಯ ನಂತರ ಟೂಲ್ ಒಂದು ನಿರಪರಾಧಿ ಪ್ರೋಗ್ರಾಮಿನ ಮೇಲೆ ಕೊಲೆ ಆರೋಪ ಹೊರಿಸಿತು. ಗಿರಾಕಿಗಳು ಆ ಪಾಪದ್ದನ್ನು ಕಿತ್ತೆಸೆದರು. ಮಷಿನ್ ಮರುವಾರ ಮತ್ತೆ ಬಿತ್ತು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, ಇನ್ನೊಂದು ಗೋಂಧಳ ಮಾಡಿದರೆ ಕಾಯಂ ಪತ್ರದ ಆಸೆ ಬಿಡು ಎಂದು ತಣ್ಣಗೆ ಹೇಳಿದರು. ಬೆಳಗಾವಿಯಲ್ಲಿ ಅಪ್ಪ, ಮಗಳು ಕಾಯಂ ಆದಳು ಎಂದು ಮುಂಚಿತವಾಗಿಯೇ ಓಣಿಗೆಲ್ಲ ಪೇಡೆ ಹಂಚಿ ಮುಗಿಸಿದ್ದರು. ಅವ್ವ ಇನ್ನೊಂದು ಕಡೆ ದಪ್ಪ ಮೀಸೆಯ ವರನ ಫೋಟೋ ತರಿಸಿಟ್ಟಿದ್ದಳು. ಕೆಲಸ ಹೋದರೆ ಆ ಮೀಸೆಯವನೇ ಗತಿ.

ಆಗ ಪುಣೆ ಹತ್ತಿರದ ಸಾಸವಡದಲ್ಲಿ ಅಂಜೂರ, ಸೀತಾಫಲ ಊರೂರಿಗೆ ಕಳಿಸುವ ಒಂದು ಗೋದಾಮಿನ ಮಷಿನ್ ನಮಗೆ ಗಂಟು ಬಿದ್ದಿತ್ತು. ಮೂರು ವಾರಕ್ಕೊಮ್ಮೆ ಕಾರಣವಿಲ್ಲದೆ ಸಾಯುವುದು ಅದರ ವ್ರತ. ಅಲ್ಲಿನ ಮರಾಠಿ ಆಪರೇಟರಿಗೂ ಕಾಕಾನಿಗೂ ಫೋನಿನಲ್ಲೇ ಭಾರಿ ದೋಸ್ತಿ. ಮಷಿನ್ ವಿಷಯ ಎರಡು ನಿಮಿಷ, ಅಂಜೂರದ ಫಸಲು, ಆಪರೇಟರನ ಅತ್ತೆಯ ಮೊಣಕಾಲು ನೋವು ಇಪ್ಪತ್ತು ನಿಮಿಷ. ಕಾಕಾನ ದಿನದ ಸುಖವೆಲ್ಲ ಆ ಫೋನಿನಲ್ಲಿತ್ತು.

ಒಂದು ಮಧ್ಯಾಹ್ನ ಆ ಮಷಿನ್ ಮತ್ತೆ ಬಿತ್ತು. ಅಲ್ಲಿ ಹೊಸ ಕರ್ನಲ್ ಹಾಕಿದ್ದರಿಂದ ಟೂಲನ್ನು ಅದಕ್ಕೆ ಹೊಂದಿಸುವ ಕೆಲಸ ಬೆಳಿಗ್ಗೆಯೇ ನನ್ನ ಪಾಲಿಗೆ ಬಂದಿತ್ತು. ಆ ಕಡೆ ಡಂಪು ಡಿಸ್ಕಿಗೆ ಇಳಿಯುತ್ತಿತ್ತು. ಪೂರ್ತಿ ಇಳಿಯುವ ತನಕ ರೀಸೆಟ್ ಬಟನ್ ಮುಟ್ಟುವಂತಿಲ್ಲ. ಕಾಕಾ ಸ್ಪೀಕರ್ ಫೋನಿನಲ್ಲಿ ಆಪರೇಟರಿಗೆ ಬಿಡಿಸಿ ಹೇಳಿದರು: “ಮೀ ‘ಆತಾ’ ಮ್ಹಟಲ್ಯಾವರಚ್ ಬಟನ್ ದಾಬಾ.” ಮರಾಠಿಯಲ್ಲಿ ‘ಆತಾ’ ಎಂದರೆ ‘ಈಗ’. ನಾನು ‘ಈಗ’ ಎಂದ ಮೇಲಷ್ಟೇ ಒತ್ತು ಎಂದು. ಆಪರೇಟರ್ ಬಟನ್ ಮೇಲೆ ಬೆರಳಿಟ್ಟು ಕೂತ.

ಆಫೀಸಿನವರೆಲ್ಲ ಊಟಕ್ಕೆ ಇಳಿದಿದ್ದ ಅದೇ ಹೊತ್ತಿಗೆ, ಬೆಳಗಿನಿಂದ ಸತಾಯಿಸುತ್ತಿದ್ದ ನನ್ನ ತಿದ್ದುಪಡಿ ಒಮ್ಮೆಲೇ ಸರಿಹೋಯಿತು. ಖುಷಿಗೆ ಕುರ್ಚಿಯಿಂದ ಎದ್ದು ಕೂಗಿದೆ: “ಆತ, ಕಾಕಾ, ಆತ!”

ನಮ್ಮ ಕನ್ನಡದಲ್ಲಿ ‘ಆತ’ ಎಂದರೆ ‘ಆಯಿತು’, ಮುಗಿಯಿತು. ಸಾಸವಡದಲ್ಲಿ ಅದು ಮುಗಿದಿರಲಿಲ್ಲ. ಫೋನಿನೊಳಗಿಂದ ‘ಟಕ್’ ಎಂದು ಸದ್ದು ಬಂತು. ಆಮೇಲೆ ಆಪರೇಟರನ ವಿಧೇಯ ದನಿ: “ದಾಬಲಂ, ಕಾಕಾ.” ಒತ್ತಿದೆ ಎಂದು. ಕಾಕಾನ ಕೈಯ ರೊಟ್ಟಿ ಕೈಯಲ್ಲೇ ನಿಂತಿತು.

ಡಿಸ್ಕಿಗೆ ಇಳಿದದ್ದು ಅರ್ಧ ಡಂಪು ಮಾತ್ರ. ಅರ್ಧ ಡಂಪು ಕೊಟ್ಟರೆ ನಮ್ಮ ಟೂಲ್, ಮಡಿ ಅಜ್ಜಿಯಂತೆ, ಮುಟ್ಟುವುದಿಲ್ಲ ಎಂದು ಹೊರಗೆ ನಡೆಯುತ್ತಿತ್ತು. ಹತ್ತು ನಿಮಿಷದಲ್ಲಿ ಮ್ಯಾನೇಜರ್ ಸಾಹೇಬರು ಬಂದು ನಿಂತರು. “ಕೋಣ್ ಓರಡಲಂ?” ಯಾರು ಕೂಗಿದ್ದು ಎಂದು. ನನ್ನ ಕಣ್ಣ ಮುಂದೆ ಆ ಮೀಸೆ ಬಂತು. ಆದರೂ ಬಾಯಿ ತೆರೆದೆ. ತೆರೆಯುವುದರೊಳಗೆ ಕಾಕಾ ಎದ್ದು ನಿಂತಿದ್ದರು.

“ಮೀಚ್” ಎಂದರು. ನಾನೇ.

ನಾನು ಬಾಯಿ ಮುಚ್ಚಿದೆ. ಸತ್ಯ ಹೇಳಬೇಕೆಂದರೆ, ಮುಚ್ಚಿದ್ದಕ್ಕೆ ಆ ಗಳಿಗೆಯಲ್ಲಿ ಸಮಾಧಾನವೇ ಆಯಿತು.

ಕಾಕಾ ಎರಡು ದಿನ ಟೂಲ್ ಬಿಚ್ಚಿ ಕೂತರು. ಇದ್ದಷ್ಟನ್ನು ಓದುವುದು, ಇಲ್ಲದ ಜಾಗ ಬಂದಾಗ ಇಲ್ಲಿ ಏನೂ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವುದು, ಇದನ್ನು ಅದಕ್ಕೆ ಕಲಿಸಿದರು. ಮೂರನೇ ದಿನ ಆ ಅರ್ಧ ಡಂಪೇ ಬಾಯಿಬಿಟ್ಟಿತು. ನೆಟ್‌ವರ್ಕ್ ಕಾರ್ಡಿನ ಡ್ರೈವರ್, ತಾನು ಬಿಟ್ಟುಕೊಟ್ಟ ಜಾಗಕ್ಕೆ ಮತ್ತೆ ಹೋಗಿ ಕೈ ಹಾಕುತ್ತಿತ್ತು. ಡ್ರೈವರ್ ಬದಲಾಯಿತು, ಸಾಸವಡದ ಮಷಿನ್ ವ್ರತ ಬಿಟ್ಟಿತು.

ಸಾಹೇಬರಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಟೂಲಿನ ಜೊತೆಗೇ ಗಿರಾಕಿಗಳಿಗೆಲ್ಲ ಹೋಗುವ ತಿದ್ದುಪಡಿಗಳ ಪಟ್ಟಿಯಲ್ಲಿ ಕಾರಣ ಬರೆಯಿಸಿದರು: ಹಿರಿಯ ಎಂಜಿನಿಯರರ ತಪ್ಪಿನಿಂದ ಡಂಪು ಅರ್ಧಕ್ಕೆ ನಿಂತಿತು, ಇನ್ನು ಮುಂದೆ ಟೂಲ್ ಅರ್ಧ ಡಂಪನ್ನೂ ಓದುತ್ತದೆ. ಮೇಲಿಂದ, ಇನ್ನು ಕಾಕಾ ಗಿರಾಕಿಗಳ ಫೋನು ಮುಟ್ಟಕೂಡದು ಎಂದರು. ಫೋನನ್ನು ನನ್ನ ಮೇಜಿಗೆ ತಂದಿಟ್ಟರು. ಆಫೀಸಿನವರಿಗೆ ಹಬ್ಬ. ಕಾಕಾ ‘ಆತ’ ಎಂದರೆ ಸಾಕು, ಎಲ್ಲರೂ ಕೀಬೋರ್ಡಿನಿಂದ ಕೈ ಮೇಲೆತ್ತಿ ಶರಣಾಗುತ್ತಿದ್ದರು. ಕಾಕಾನೂ ನಗುತ್ತಿದ್ದರು. ಸಾಸವಡದಿಂದ ಫೋನು ಬಂದಾಗ ಮಾತ್ರ ಕಿವಿ ನನ್ನ ಮೇಜಿನ ಕಡೆಗೆ ಇರುತ್ತಿತ್ತು. “ಅವನ ಅತ್ತೀ ಮೊಣಕಾಲ ಹೆಂಗ ಅದ ಅಂತ, ಒಂದೀಟು ಕೇಳವಾ” ಎನ್ನುತ್ತಿದ್ದರು, ಮೆಲ್ಲಗೆ. ನಾನು ಕೇಳಿ ಹೇಳುತ್ತಿದ್ದೆ. ಆ ತಿಂಗಳೇ ನಾನು ಕಾಯಂ ಆದೆ. ನಾನು ತಂದ ಪೇಡೆಯಲ್ಲಿ ಅವರು ಎರಡು ತೆಗೆದುಕೊಂಡರು.

ಅವರು ನಿವೃತ್ತರಾಗಿ ಬಹಳ ವರ್ಷದ ಮೇಲೆ, ಕೂಗಿದ್ದು ನಾನು ಎಂದು ಅವರೆದುರು ಒಮ್ಮೆ ಹೇಳಿಬಿಡಲೆಂದೇ ಬಿಬವೇವಾಡಿಗೆ ಹೋದೆ. ನಾನು ಕೂರುವ ಮೊದಲೇ ಅವರು ಹೆಂಡತಿಗೆ, ನಮ್ಮ ಕಾಕೂಗೆ, ಅದೇ ಕಥೆ ಶುರು ಮಾಡಿದ್ದರು, ತಾವು ಹೇಗೆ ಕೂಗಿದ್ದು, ಅತ್ತ ಹೇಗೆ ‘ಟಕ್’ ಎಂದದ್ದು ಎಂದು, ನಗುತ್ತ, ಕೆಮ್ಮುತ್ತ.

“ಕಾಕಾ, ಅವತ್ತ ಒದರಿದ್ದು ನಾನ್ರಿ” ಎಂದೆ.

“ಸುಮ್ನಿರ ತಂಗಿ. ನಿನ್ನ ದನೀ ಸಾಸವಡ ತನಕಾ ಎಲ್ಲಿ ಮುಟ್ಟತದ? ನಾನ ಅಂದಿದ್ದು.”

“ಇಲ್ರೀ, ನಾನ.”

“ನೋಡ ಇಕಿನ್ನ” ಎಂದು ಕಾಕೂ ಕಡೆ ತಿರುಗಿದರು. “ನನ್ನ ಹೆಸರಿಗೆ ಇದ್ದದ್ದು ಅದೊಂದ ಕಥಿ. ಅದನ್ನೂ ಕಸಗೋಳಾಕ ಬಂದಾಳ.”

ಅವರಿಗೆ ನಿಜವಾಗಿ ಮರೆತಿತ್ತೋ, ಇನ್ನೂ ನನ್ನನ್ನು ಕಾಪಾಡುತ್ತಿದ್ದರೋ... ಇಂದಿಗೂ ನನಗೆ ಗೊತ್ತಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಮರು ವರ್ಷ ಕಾಕಾ ತೀರಿಕೊಂಡರು.

ಆ ಟೂಲ್ ಈಗಲೂ ಇದೆ. ಅದನ್ನು ನೋಡಿಕೊಳ್ಳುವವನು ಬೆಂಗಳೂರಿನಿಂದ ಬಂದ ಚುರುಕು ಎಂಜಿನಿಯರು. ಪಟ್ಟಿಯ ಆ ಹಳೆಯ ಸಾಲು ತಿದ್ದಬೇಕು ಎಂದು ಈ ವಾರ ಅವನಿಗೆ ಹೇಳಿದೆ. “ಹಳೇದನ್ನ ಚೇಂಜ್ ಮಾಡೋ ಹಾಗಿಲ್ಲ ಮೇಡಂ. ಬೇಕಿದ್ರೆ ಈ ರಿಲೀಸ್‌ನಲ್ಲಿ ಹೊಸ ಲೈನ್ ಸೇರಿಸಿ” ಎಂದ. ಸೇರಿಸಿದೆ. ಹೊಸ ಕರ್ನಲ್‌ಗೆ ಹೊಂದಿಸಿದ ನಾಲ್ಕಾರು ತಿದ್ದುಪಡಿಗಳ ಕೆಳಗೆ: ಅಂದು ಡಂಪು ಅರ್ಧಕ್ಕೆ ನಿಂತದ್ದು ಹಿರಿಯ ಎಂಜಿನಿಯರರ ತಪ್ಪಿನಿಂದಲ್ಲ, ಕೂಗಿದವಳು ನಾನು.

ಅವನು ಪಟ್ಟಿ ಪರೀಕ್ಷೆ ಮಾಡುತ್ತ ಆ ಸಾಲಿಗೆ ಬಂದು ನಿಂತ. “ಇದು ಯಾವ ಬಗ್ ಮೇಡಂ?”

“ನಂದು” ಎಂದೆ. “ಭಾಳ ಹಳೇದು.”

ಅವನು ತಲೆಯಾಡಿಸಿ ಒಪ್ಪಿಗೆ ಹಾಕಿದ. ಪಟ್ಟಿ ಊರಿಗೆಲ್ಲ ಹೋಯಿತು. ಅದನ್ನು ಓದಿ, ಸುಳ್ಳು ಅದು, ನಾನೇ ಅಂದಿದ್ದು ಎಂದು ಜಗಳಕ್ಕೆ ಬರಬೇಕಾದವರೊಬ್ಬರು ಮಾತ್ರ ಇಲ್ಲ.