ರಾವಸಾಹೇಬ ಕಾಕಾನ ಬ್ಯಾರಲ್

ನಮ್ಮ ಓಣಿಯ ರಾವಸಾಹೇಬ ಕಾಕಾ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ನಿಪ್ಪಾಣಿಯಿಂದ ನೀಲಿ ಬ್ಯಾರಲ್ ಒಂದನ್ನು ತಂದು, ತಗಡಿನ ಸೂರಿನ ಮಳೆನೀರು ಅದರಲ್ಲೇ ಬೀಳುವಂತೆ ಪೈಪು ಜೋಡಿಸಿದರು. ಅಂದಿನಿಂದ ಮಳೆಯೂ ಅವರ ಗಾಡಿಯ ಪ್ರಯಾಣಿಕನೇ. ಮೋಡ ಕಟ್ಟಿದರೆ ಸಾಕು, ಅಂಗಳದಲ್ಲಿ ನಿಂತು "ಬರ್ರಿ, ಒಳಗ ಭಾಳ ಜಾಗಾ ಐತಿ" ಎಂದು ಕೈ ಬೀಸುತ್ತಾರೆ. ಸೂರು ತೊಳೆದು ಬರುವ ಮೊದಲ ನೀರನ್ನು "ನೀವು ಹಿಂದಿನ ಗಾಡಿಗೆ ಬರ್ರಿ" ಎಂದು ಗಟಾರಕ್ಕೆ ಇಳಿಸುತ್ತಾರೆ. ಬ್ಯಾರಲ್ ತುಂಬಿತೋ, ಆಕಾಶದ ಕಡೆ ಮುಖ ಮಾಡಿ "ಹೋಲ್ಡಾನ್!" ಎಂದು ಕೂಗುತ್ತಾರೆ. ನೀರಿಗೆ ಕಸ ಬೀಳಬಾರದೆಂದು ಅದರ ಬಾಯಿಗೆ ಬೋರಗಾಂವದ ಮಗ್ಗದ ಬಟ್ಟೆಯನ್ನು ಎರಡು ಪದರ ಕಟ್ಟಿದ್ದಾರೆ. ಇಷ್ಟು ಶುಚಿಯ ಮನುಷ್ಯ ಬ್ಯಾರಲ್ಲಿಗೊಂದು ನಳ ಮಾತ್ರ ಕೂಡಿಸಲೊಲ್ಲರು. "ಬಗ್ಗಿ ಬಗ್ಗಿ ನನ್ನ ನಡಾ ಹೋತು, ಇವ್ರ ಡ್ಯೂಟಿ ಮುಗೀಲಿಲ್ಲ" ಎಂದು ಹೆಂಡತಿ ಸುಗಂಧಾಬಾಯಿ ದಿನವೂ ಬೈಯುತ್ತಾರೆ. ಊರ ನಳಕ್ಕೆ ನೀರು ಬಾರದ ದಿನ ಓಣಿಯವರು ಕೊಡ ಹಿಡಿದು ಬಂದರೆ, ಕಾಕಾ ಬಟ್ಟೆ ಸರಿಸಿ, ಚರಿಗೆಯನ್ನು ಅವರ ಕೈಗೇ ಕೊಟ್ಟು "ನೀವ ಅದ್ದಿ ತಗೋರಿ" ಎನ್ನುತ್ತಾರೆ. "ಎಲ್ಲಾರ ಕೈ ಬಿದ್ರ ನೀರ ಹೊಲಸ ಆಗೂದಿಲ್ಲೇನ್ರಿ?" ಎಂದು ನಾನು ಒಮ್ಮೆ ಕೇಳಿದೆ. ಕಾಕಾ ಚರಿಗೆ ತಿಕ್ಕತೊಡಗಿದರು. ಉತ್ತರ ಕೊಟ್ಟವರು ಸುಗಂಧಾಬಾಯಿ: "ನಮ್ಮ ಅತ್ತಿ ಊರ ಬಾವಿ ಮುಟ್ಟೂವಂಗಿರಲಿಲ್ಲ. ಯಾರರ ಎತ್ತಿ ಹಾಕೂತನಾ ಖಾಲಿ ಕೊಡಾ ಇಟ್ಕೊಂಡು ದೂರ ನಿಂದ್ರತಿದ್ರು. ಇವ್ರು ಅವರ ಸೆರಗ ಹಿಡ್ಕೊಂಡು ನಿಂತಾವ್ರು. ಅದಕ್ಕ, ಎಲ್ಲಾರೂ ಕೈ ಅದ್ದಿದ ನೀರ ಅಂದ್ರ ಇವ್ರಿಗೆ ಭಾಳ ರುಚಿ."